ರಿಪೋರ್ಟ್ ನಾರ್ಮಲ್, ನೋವು ಮಾತ್ರ ಹಾಗೇ

"ರಿಪೋರ್ಟ್‌ನಲ್ಲಿ ಏನೂ ಇಲ್ಲ" ಅಂದರೆ ಖುಷಿ ಆಗಬೇಕು ಅಲ್ವಾ? ಕತ್ತು, ತಲೆ, ಬೆನ್ನು ಮೂರೂ ಒಟ್ಟಿಗೆ ನೋಯುವವರಿಗೆ ಆ ಮಾತು ಕೇಳಿದರೆ ಸಿಟ್ಟೇ ಜಾಸ್ತಿ ಬರುತ್ತದೆ. ಏನೂ ಇಲ್ಲದಿದ್ದರೆ ಬೆಳಿಗ್ಗೆ ಎದ್ದ ಕೂಡಲೇ ಕತ್ತು ಯಾಕೆ ಹಿಡಿದುಕೊಂಡಿರುತ್ತದೆ? ಮಧ್ಯಾಹ್ನದ ಹೊತ್ತಿಗೆ ಹಿಂದಲೆಯಿಂದ ಕಣ್ಣಿನವರೆಗೆ ಯಾಕೆ ಸೆಳೆಯುತ್ತದೆ?

ನನ್ನದು ಇಂಥದ್ದೇ ನೋವು, ವರ್ಷಗಟ್ಟಲೆ ಇದ್ದದ್ದು. ಪೂರ್ತಿ ಹೋಗಿದೆ ಅಂತ ಹೇಳುವುದಿಲ್ಲ. ಆದರೆ ಈಗ ನೋವಿರುವ ದಿನಗಳಿಗಿಂತ ಇಲ್ಲದ ದಿನಗಳೇ ಜಾಸ್ತಿ. ಇಲ್ಲಿಗೆ ಹೇಗೆ ಬಂದೆ ಅನ್ನುವುದನ್ನಷ್ಟೇ ಬರೆಯುತ್ತೇನೆ.

ಮೊದಲ ಕೆಲಸ, ಅಪಾಯದ ಕಾಯಿಲೆಗಳು ಇಲ್ಲ ಅಂತ ಖಚಿತ ಮಾಡಿಕೊಳ್ಳುವುದು. ಇದನ್ನು ಬಿಟ್ಟು ಯಾರೂ ಮುಂದೆ ಹೋಗಬಾರದು. ಕೈಕಾಲಲ್ಲಿ ಬಲ ಕಡಿಮೆಯಾಗುವುದು, ಮೂತ್ರ ಹಿಡಿದುಕೊಳ್ಳಲು ಆಗದಿರುವುದು, ಜ್ವರದ ಜೊತೆ ಕತ್ತು ಬಗ್ಗದಿರುವುದು, ಸಿಡಿಲು ಬಡಿದ ಹಾಗೆ ಒಮ್ಮೆಲೇ ಬರುವ ತಲೆನೋವು, ಕಾರಣವಿಲ್ಲದೆ ತೂಕ ಇಳಿಯುವುದು, 50 ದಾಟಿದ ಮೇಲೆ ಹೊಸದಾಗಿ ಶುರುವಾದ ತಲೆನೋವು, ಇವುಗಳಲ್ಲಿ ಒಂದೇ ಇದ್ದರೂ ತಡಮಾಡುವಂತಿಲ್ಲ. ಬೆಳಿಗ್ಗೆ ಅರ್ಧ ಗಂಟೆಗಿಂತ ಜಾಸ್ತಿ ಬೆನ್ನು ಬಿಗಿದುಕೊಂಡಿದ್ದು, ಓಡಾಡಿದರೆ ಸಡಿಲವಾಗುವಂತಿದ್ದರೆ ಅದು ಮೂಳೆಸಂದಿನ ಉರಿಯೂತವಾ ಅಂತಲೂ ನೋಡಬೇಕು. ನನಗೆ ರಕ್ತ ಪರೀಕ್ಷೆ, ಥೈರಾಯ್ಡ್, ವಿಟಮಿನ್ ಡಿ, ಬಿ12, ಎಂಆರ್‌ಐ ಎಲ್ಲ ಆದವು. ಸಿಕ್ಕಿದ್ದು ಕತ್ತಿನಲ್ಲಿ ಒಂದು ಸಣ್ಣ ಡಿಸ್ಕ್ ಬಲ್ಜ್, ಅಂದರೆ ಮೂಳೆಗಳ ನಡುವಿನ ಮೆತ್ತೆ ಸ್ವಲ್ಪ ಉಬ್ಬಿರುವುದು, ಅಷ್ಟೇ.

ಇಂಥ ಬಲ್ಜ್ ಹಿಡಿದುಕೊಂಡು ತುಂಬಾ ದಿನ ತಲೆ ಕೆಡಿಸಿಕೊಂಡವರನ್ನು ನಾನು ನೋಡಿದ್ದೇನೆ. ನನಗೆ ಸಮಾಧಾನ ಕೊಟ್ಟಿದ್ದು 2015ರಲ್ಲಿ ಬಂದ ಒಂದು ಅಧ್ಯಯನ. ಬೆನ್ನು ನೋವೇ ಇಲ್ಲದ 3,000ಕ್ಕೂ ಹೆಚ್ಚು ಜನರ ಬೆನ್ನಿನ ಸ್ಕ್ಯಾನ್‌ಗಳನ್ನು ಅದರಲ್ಲಿ ಒಟ್ಟುಗೂಡಿಸಿ ನೋಡಿದ್ದರು. 20ರ ವಯಸ್ಸಿನವರಲ್ಲೇ ಸುಮಾರು 30 ಪರ್ಸೆಂಟ್ ಜನರಿಗೆ ಡಿಸ್ಕ್ ಬಲ್ಜ್ ಇತ್ತು. 80ರ ವಯಸ್ಸಿನವರಲ್ಲಿ 84 ಪರ್ಸೆಂಟ್. ಕೂದಲು ನೆರೆಯುವ ಹಾಗೆ ಇದೂ ಬಹುಪಾಲು ವಯಸ್ಸಿನ ಗುರುತು. ರಿಪೋರ್ಟ್‌ನಲ್ಲಿ ಏನೋ ಕಂಡಿತು ಅಂದ ಮಾತ್ರಕ್ಕೆ ನೋವಿಗೆ ಅದೇ ಕಾರಣ ಅಂತ ಆಗುವುದಿಲ್ಲ.

ಹಾಗಾದರೆ ಕತ್ತಿಗೂ ತಲೆಗೂ ಏನು ನಂಟು? ಇದನ್ನು ಮಾತಿನಲ್ಲಿ ಹೇಳುವ ಬದಲು ನನ್ನ ಫಿಸಿಯೋಥೆರಪಿಸ್ಟ್ ತೋರಿಸಿಯೇ ಬಿಟ್ಟರು. ಬೋರಲು ಮಲಗಿಸಿ, ತಲೆಬುರುಡೆ ಮುಗಿದು ಕತ್ತು ಶುರುವಾಗುವ ಜಾಗದಲ್ಲಿ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿದರು. ಒತ್ತಿದ್ದು ಹಿಂದೆ, ನೋವು ಬಂದಿದ್ದು ಬಲಗಣ್ಣಿನ ಹಿಂದೆ. "ಇದೇ ನೋವಾ?" ಅಂದರು. ಅದೇ. ಕತ್ತಿನ ಮೇಲಿನ ಮೂರು ನರಗಳೂ ಮುಖದ ನೋವು, ಸ್ಪರ್ಶದ ಸುದ್ದಿ ಒಯ್ಯುವ ನರವೂ ತಲೆಯೊಳಗೆ ಹೋಗುವ ದಾರಿಯಲ್ಲಿ ಒಂದೇ ಕಡೆ ಸೇರುತ್ತವೆ. ಸುದ್ದಿ ಎಲ್ಲಿಂದ ಬಂತು ಅಂತ ಮೆದುಳಿಗೆ ಗೊಂದಲವಾಗುತ್ತದೆ. ಕನ್ನಡಕದ ಪವರ್ ಬದಲಾಯಿಸಿಕೊಂಡರೂ ನನ್ನ ಕಣ್ಣಿನ ಹಿಂದಿನ ನೋವು ಯಾಕೆ ಹೋಗಲಿಲ್ಲ ಅಂತ ಆಗ ಗೊತ್ತಾಯಿತು.

ನರರೋಗ ತಜ್ಞರು ಕೇಳಿದ ಮೊದಲ ಪ್ರಶ್ನೆ ಬೇರೆ. ತಿಂಗಳಿಗೆ ಎಷ್ಟು ದಿನ ನೋವಿನ ಮಾತ್ರೆ ತಗೋತೀರಿ? ಅಷ್ಟು ದಿನ ಯಾರೂ ಕೇಳಿರಲಿಲ್ಲ. ತಲೆನೋವಿಗೆ ಅಂತ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಥರದ್ದನ್ನು ತಿಂಗಳಿಗೆ 15 ದಿನ ಅಥವಾ ಜಾಸ್ತಿ, ಮೂರು ತಿಂಗಳು ದಾಟಿ ತಗೊಂಡರೆ ಮಾತ್ರೆಯೇ ತಲೆನೋವು ತರಬಹುದು. ಎರಡು ಮೂರು ಔಷಧ ಸೇರಿಸಿದ ಮಾತ್ರೆಗಳಿಗೆ ಈ ಮಿತಿ 10 ದಿನ. ಅವರು ಹೇಳಿದ ಹಾಗೆ ನಿಲ್ಲಿಸಿದೆ. ಮೊದಲ ಕೆಲವು ದಿನ ತಲೆ ಇನ್ನೂ ಜಾಸ್ತಿ ನೋಯಿತು, ಆಮೇಲೆ ಇಳಿಯಿತು. ರಾತ್ರಿಗೆ 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್ ಕೊಟ್ಟರು. ಇದು ದೊಡ್ಡ ಪ್ರಮಾಣದಲ್ಲಿ ಖಿನ್ನತೆಗೆ ಕೊಡುವ ಔಷಧ, ಸಣ್ಣ ಪ್ರಮಾಣದಲ್ಲಿ ಬಹುಕಾಲದ ನೋವಿಗೆ. ಬಾಯಿ ಒಣಗುತ್ತಿತ್ತು, ಬೆಳಿಗ್ಗೆ ಮಂಪರು. ಆದರೆ ನಿದ್ದೆ ಬಂತು. ನಿದ್ದೆ ಬಂದಿದ್ದೇ ಅರ್ಧ ಔಷಧ.

"ಎಲ್ಲ ಟೆನ್ಷನ್ ಅಷ್ಟೇ" ಅಂತ ಎರಡು ನಿಮಿಷದಲ್ಲಿ ಕಳಿಸಿದವರೂ ಇದ್ದರು. ಆ ಮಾತು ಚುಚ್ಚುತ್ತದೆ, ಯಾಕೆಂದರೆ ನಾವು ನಾಟಕ ಆಡುತ್ತಿದ್ದೇವೆ ಅಂದ ಹಾಗೆ ಕೇಳಿಸುತ್ತದೆ. ನಿಜ ಸಂಗತಿ ಅದಲ್ಲ. ಬಹಳ ಕಾಲ ನೋವಿನಲ್ಲಿದ್ದರೆ ಬೆನ್ನುಹುರಿ, ಮೆದುಳಿನ ನರಗಳೇ ಸೂಕ್ಷ್ಮವಾಗಿಬಿಡುತ್ತವೆ. ಸಣ್ಣ ಒತ್ತಡಕ್ಕೂ ದೊಡ್ಡ ನೋವು. ಕ್ಲಿಫರ್ಡ್ ವುಲ್ಫ್ ಎಂಬ ವಿಜ್ಞಾನಿ 1983ರಲ್ಲೇ ಇಲಿಗಳ ಮೇಲೆ ಪ್ರಯೋಗ ಮಾಡಿ ಬೆನ್ನುಹುರಿಯಲ್ಲಿ ಇಂಥ ಬದಲಾವಣೆ ತೋರಿಸಿದ್ದರು. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ, ಬೇರೆ ಕಾಯಿಲೆಯಿಂದ ವಿವರಿಸಲಾಗದೆ ಮೂರು ತಿಂಗಳು ದಾಟಿ ಬದುಕನ್ನೇ ಹಿಂಡುವ ನೋವಿಗೆ ಕ್ರಾನಿಕ್ ಪ್ರೈಮರಿ ಪೇನ್ ಅಂತ ಅದರದ್ದೇ ಜಾಗ ಇದೆ. ಅಂದರೆ ಕಾರಣ ಸಿಗದ ನೋವೂ ನೋವೇ.

ಇನ್ನು ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು. ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ.

ನೋವಿರುವವರ ವಾರ ಹೇಗಿರುತ್ತದೆ ಅಂದರೆ, ನೋವು ಕಡಿಮೆ ಇರುವ ದಿನ ಬಾಕಿ ಕೆಲಸವನ್ನೆಲ್ಲ ಒಂದೇ ಸಲ ಬಾಚಿ ಮುಗಿಸುವುದು, ಆಮೇಲೆ ಎರಡು ದಿನ ಮಲಗುವುದು. ಫಿಸಿಯೋ ಇದನ್ನು ಮುರಿಯಲು ಹೇಳಿದರು. ಎಷ್ಟು ಹೊತ್ತು ಕೂರಬೇಕು ಅಂತ ನೋವು ಹೇಳಬಾರದು, ಗಡಿಯಾರ ಹೇಳಬೇಕು. ಮೊದಲು, ನೋವು ಏರುವುದಕ್ಕೆ ಮುಂಚೆ ಎಷ್ಟು ಹೊತ್ತು ಕೂರಬಲ್ಲೆ ಅಂತ ಕೆಲವು ದಿನ ಬರೆದಿಟ್ಟೆ. ಸರಾಸರಿ 25 ನಿಮಿಷದ ಹತ್ತಿರ ಬಂತು. ಅದರಲ್ಲಿ ಸ್ವಲ್ಪ ಕಳೆದು 20 ನಿಮಿಷಕ್ಕೆ ಮೊಬೈಲ್‌ನಲ್ಲಿ ಟೈಮರ್. ಬಡಿದ ಕೂಡಲೇ ಏಳಬೇಕು, ಎರಡು ನಿಮಿಷ ಓಡಾಡಬೇಕು. ಕತ್ತು ಹಗುರವಾಗಿರುವ ದಿನವೂ 20 ನಿಮಿಷವೇ. ಹಾಳು ದಿನ ಅರ್ಧಕ್ಕೆ ಇಳಿಸಬಹುದು, ಆದರೆ ಬಿಡುವಂತಿಲ್ಲ. ವಾರ ಸರಿಯಾಗಿ ನಡೆದರೆ ಮುಂದಿನ ವಾರ ಎರಡು ನಿಮಿಷ ಜಾಸ್ತಿ.

ಕಷ್ಟ ಇರುವುದು ಹಾಳು ದಿನಗಳಲ್ಲಲ್ಲ, ಒಳ್ಳೆಯ ದಿನಗಳಲ್ಲಿ. ಏನೂ ನೋಯುತ್ತಿಲ್ಲ, ಕೆಲಸ ಸರಾಗ ಸಾಗುತ್ತಿದೆ, ಈಮೇಲ್‌ನ ವಾಕ್ಯ ಅರ್ಧದಲ್ಲಿದೆ, ಟೈಮರ್ ಬಡಿಯುತ್ತದೆ. ಬೈಕೊಂಡೇ ಏಳುತ್ತಿದ್ದೆ. ಆದರೆ ನಿಜವಾದ ಫಲ ಇಲ್ಲೇ ಬಂತು. ನೋಟ್‌ಬುಕ್ ತಿರುವಿ ನೋಡಿದರೆ, ಒಳ್ಳೆಯ ದಿನ ಜಾಸ್ತಿ ಕೂತರೆ ಅವತ್ತು ನನಗೆ ನೋವೇ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಮಾರನೇ ದಿನ, ಕೆಲವು ಸಲ ಅದರ ಮಾರನೇ ದಿನ. ಅದಕ್ಕೇ ಕಾರಣ ಕೈಗೆ ಸಿಕ್ಕಿರಲಿಲ್ಲ. ಕೆಟ್ಟ ನಿದ್ದೆಗೂ ತಲೆನೋವಿಗೂ ಇದ್ದ ಜೋಡಿ ಕೂಡ ಅಲ್ಲೇ ಕಂಡಿದ್ದು.

ನೋಟ್‌ಬುಕ್ ಬಗ್ಗೆ ಒಂದು ಮಾತು. ನೋವಿಗೆ ಹತ್ತಕ್ಕೆ ಎಷ್ಟು ಅಂತ ಗಂಟೆಗೊಮ್ಮೆ ಬರೆಯಬೇಡಿ. ಸುಮ್ನೆ ನೋವಿನ ಮೇಲೇ ಕಣ್ಣಿಟ್ಟ ಹಾಗಾಗುತ್ತದೆ. ರಾತ್ರಿ ಒಂದು ಸಲ ಸಾಕು: ನಿದ್ದೆ ಎಷ್ಟು, ಮಾತ್ರೆ ತಗೊಂಡೆನಾ, ಏನೇನು ಮಾಡಿದೆ.

ವ್ಯಾಯಾಮ ಕೂಡ ಇದೇ ಲೆಕ್ಕದಲ್ಲಿ. ಕತ್ತಿಗೆ ಒಂದು ಚಿಕ್ಕದು. ಅಂಗಾತ ಮಲಗಿ, ತಲೆಯಡಿ ಮಡಿಸಿದ ಟವೆಲ್. ತಲೆ ಎತ್ತದೆ, ಮೆಲ್ಲಗೆ "ಹೂಂ" ಅನ್ನುವಷ್ಟು ಮಾತ್ರ ಗದ್ದ ಕೆಳಗೆ. ಹತ್ತು ಸೆಕೆಂಡ್ ಹಿಡಿದು ಬಿಡುವುದು, ಹತ್ತು ಸಲ. ಕತ್ತಿನ ಎರಡೂ ಪಕ್ಕದ ದೊಡ್ಡ ಸ್ನಾಯುಗಳ ಮೇಲೆ ಬೆರಳಿಟ್ಟು ನೋಡಿ. ಅವು ಮೆತ್ತಗೇ ಇರಬೇಕು, ಸೆಟೆದುಕೊಂಡರೆ ಜೋರಾಯಿತು ಅಂತ ಅರ್ಥ. ಬೆನ್ನಿಗೆ ನಡಿಗೆ, ರಬ್ಬರ್ ಪಟ್ಟಿ ಎಳೆಯುವುದು, ಆಮೇಲೆ ಸಣ್ಣ ಭಾರ ಎತ್ತುವುದು. ಬಗ್ಗಬೇಡಿ, ಎತ್ತಬೇಡಿ ಅಂತ ಎಲ್ಲರೂ ಹೇಳಿ ಹೇಳಿ ಬಗ್ಗುವುದಕ್ಕೇ ಹೆದರಿಕೆ ಕೂತಿತ್ತು. ಅದು ಹೋಗಲು ಬಗ್ಗಿಯೇ ತೋರಿಸಬೇಕಾಯಿತು.

ದಿಂಬು ಬದಲಾಯಿಸಿದ್ದು, ಕತ್ತಿನ ಪಟ್ಟಿ, ಮಸಾಜ್, ಇವುಗಳಿಂದ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಮಸಾಜ್ ಮಾಡಿದ ಸಂಜೆ ಹಾಯೆನಿಸುತ್ತಿತ್ತು, ಅಷ್ಟೇ.

ಈಗಲೂ ನೋವು ಒಮ್ಮೊಮ್ಮೆ ಕೆರಳುತ್ತದೆ. ಆಗ ಮಾಡುವುದನ್ನು ಮೊದಲೇ ಬರೆದಿಟ್ಟಿದ್ದೇನೆ: ಟೈಮರ್ ಅರ್ಧಕ್ಕೆ, ನಡಿಗೆ ಅರ್ಧಕ್ಕೆ, ಬಿಸಿ ಶಾಖ, ಹೊತ್ತಿಗೆ ಸರಿಯಾಗಿ ಮಲಗುವುದು. ಹೊಸ ಸ್ಕ್ಯಾನ್ ಕೇಳುವುದಿಲ್ಲ. ಕೈಯಲ್ಲಿ ಬಲ ಇಳಿದರೆ ಅಥವಾ ನೋವಿನ ರೀತಿಯೇ ಬದಲಾದರೆ ಮಾತ್ರ ಅವತ್ತೇ ಡಾಕ್ಟರ ಹತ್ತಿರ.