ಯೆಜ್ಡಿ ರೋಡ್‌ಕಿಂಗ್ ಹಿಂಭಾಗ ಇಳಿಸಿದೆ, ಟೈರ್ ಮಡ್‌ಗಾರ್ಡ್‌ಗೆ ತಾಗಿಲ್ಲ: ನನ್ನ ಅನುಭವ

ನನ್ನ ಎತ್ತರ 5 ಅಡಿ 1 ಇಂಚು, ತೂಕ 52 ಕೆ.ಜಿ. ನನ್ನ 1986ರ ಯೆಜ್ಡಿ ರೋಡ್‌ಕಿಂಗ್ ಬೈಕ್ ಮೇಲೆ ಕೂತರೆ ಎರಡೂ ಕಾಲಿನ ಹೆಬ್ಬೆರಳು ಮಾತ್ರ ನೆಲ ಮುಟ್ಟುತ್ತಿತ್ತು. ಹೈವೇಯಲ್ಲಿ ಅದೊಂದು ತೊಂದರೆಯೇ ಅಲ್ಲ. ಆದರೆ ಬೆಂಗಳೂರಿನ ಮಾಗಡಿ ರಸ್ತೆಯ ಸಿಗ್ನಲ್‌ನಲ್ಲಿ, ಬಲಗಡೆ ಬಸ್ಸು ಒತ್ತಿಕೊಂಡು ನಿಂತಿರುವಾಗ, ರಸ್ತೆ ಎಡಕ್ಕೆ ಇಳಿಜಾರಾಗಿರುವಾಗ, 140 ಕೆ.ಜಿ. ಆಸುಪಾಸಿನ ಗಾಡಿಯನ್ನು ಹೆಬ್ಬೆರಳ ಮೇಲೆ ಹಿಡಿದು ನಿಲ್ಲೋದು ಏನು ಅಂತ ಕುಳ್ಳಗಿರುವವರಿಗೇ ಗೊತ್ತು. ನಿಂತಲ್ಲೇ ಎರಡು ಸಲ ಬೀಳಿಸಿದ್ದೇನೆ. ಎರಡನೇ ಸಲ ಎಡಗಡೆ ಸೈಲೆನ್ಸರ್ ನೆಗ್ಗಿತು. ಆ ಜೋಡಿ ಸೈಲೆನ್ಸರ್ ಹುಡುಕೋಕೆ ನನಗೆ ಎಂಟು ತಿಂಗಳು ಹಿಡಿದಿತ್ತು.

ಗಾಡಿಯ ಹಿಂಭಾಗ ಒಂದಿಂಚು ಇಳಿಸೋಣ ಅಂದಾಗ ಎಲ್ಲರದ್ದೂ ಒಂದೇ ಮಾತು, ಟೈರ್ ಮಡ್‌ಗಾರ್ಡ್ ತಿನ್ನುತ್ತೆ. ನಮ್ಮ ಮೆಕ್ಯಾನಿಕ್ ಅಣ್ಣ 30 ವರ್ಷದಿಂದ ಜಾವಾ, ಯೆಜ್ಡಿ ಬಿಟ್ಟು ಬೇರೆ ಗಾಡಿ ಮುಟ್ಟಿದವರಲ್ಲ. ಅವರು ಟೀ ಲೋಟ ಕೆಳಗಿಟ್ಟು, “ಬೇಡಮ್ಮಾ. ಮೈಸೂರು ಫ್ಯಾಕ್ಟರೀಲಿ ಅಷ್ಟು ಲೆಕ್ಕ ಹಾಕಿ ಮಾಡಿರೋದನ್ನ ನಾವ್ಯಾಕೆ ಕೆಡಿಸೋದು? ಸೀಟ್ ಕುಯ್ಸಿ, ಸುಮ್ನೆ ಓಡಿಸಿ” ಅಂದರು. ಅವರ ಮೇಲೆ ನನಗೆ ಗೌರವ ಇದೆ, ಆದರೆ ಈ ವಿಷಯದಲ್ಲಿ ಅವರ ಮಾತು ಕೇಳಲಿಲ್ಲ. ಇಳಿಸಿದ ಮೇಲೆ ಗಾಡಿ ಈಗ 3,000 ಕಿ.ಮೀ. ಹತ್ತಿರ ಓಡಿದೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡೂ ಓಡಿಸಿದ್ದೇನೆ. ಮಡ್‌ಗಾರ್ಡ್ ಒಳಗೆ ಒಂದು ಗೀರು ಇಲ್ಲ.

ಸರಿಯಾದ ದಾರಿ ಸಿಗೋ ಮುಂಚೆ ಮೂರು ಸಲ ಸೋತೆ, ಸುಮಾರು 7,000 ರೂಪಾಯಿ ಕಳೆದೆ. ಅದನ್ನೇ ಮೊದಲು ಹೇಳ್ತೀನಿ, ಬೇರೆಯವರ ದುಡ್ಡಾದರೂ ಉಳಿಯಲಿ.

ಮೊದಲನೆಯದು ಎಲ್ಲರೂ ಮಾಡೋದೇ, ಬೇರೆ ಚಿಕ್ಕ ಬೈಕಿನ ಗಿಡ್ಡ ಶಾಕ್‌ಅಬ್ಸಾರ್ಬರ್ ತಂದು ಹಾಕೋದು. ಜೆ.ಸಿ. ರಸ್ತೆಯಲ್ಲಿ ಜೋಡಿಗೆ 1,800 ಕೊಟ್ಟೆ. ಬೋಲ್ಟ್ ತೂರೋ ಬುಶ್ ಒಳಗಿನ ಅಳತೆ ಕೂಡಲಿಲ್ಲ, ಲೇತ್‌ನಲ್ಲಿ ಸ್ಲೀವ್ ಮಾಡಿಸೋಕೆ ಇನ್ನೊಂದು 400. ನೋಡೋಕೆ ಚೆನ್ನಾಗಿ ಕೂತಿತು. ಆದರೆ ಅದರ ಸ್ಪ್ರಿಂಗ್ ಹಗುರ ಗಾಡಿಯದ್ದು. ನನ್ನ ತೂಕಕ್ಕೇ ಅರ್ಧ ಕುಸಿಯುತ್ತಿತ್ತು. ಪ್ರತಿ ರೋಡ್ ಹಂಪ್‌ಗೂ ‘ಢಂ’ ಅಂತ ತಳ ಹೊಡೆದು ಸೊಂಟಕ್ಕೆ ಬರ್ತಿತ್ತು. ನಾಲ್ಕು ದಿನಕ್ಕೆ ಬಿಚ್ಚಿಟ್ಟೆ.

ಎರಡನೆಯದು ಬ್ರಾಕೆಟ್. ಶಾಕ್‌ನ ಕೆಳಗಿನ ಕಣ್ಣು (ಬೋಲ್ಟ್ ತೂತು) ಕೂರೋ ಜಾಗವನ್ನೇ ಬದಲಾಯಿಸಿ ಹಿಂಭಾಗ ಇಳಿಸೋ ಉಪಾಯ. ಪೀಣ್ಯದಲ್ಲಿ 8 ಮಿ.ಮೀ. ಪ್ಲೇಟ್ ಲೇಸರ್ ಕಟಿಂಗ್ ಮಾಡಿಸಿದೆ, ತೂತು, ಬೋಲ್ಟ್ ಎಲ್ಲ ಸೇರಿ 1,400 ಆಯಿತು. 30 ಮಿ.ಮೀ. ಇಳಿಯಿತು, ಪಾದ ಅರ್ಧ ನೆಲಕ್ಕೆ ಬಂತು, ಆ ಸಂಜೆ ಖುಷಿಯೋ ಖುಷಿ. ಮೂರನೇ ದಿನ ಅಕ್ಕನ ಮಗನನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಬಣ್ಣ ಬಳಿಯದ ಒಂದು ಹಂಪು ಕತ್ತಲಲ್ಲಿ ಕಾಣಲಿಲ್ಲ. ‘ಜರ್’ ಅಂತ ಸದ್ದು, ರಬ್ಬರ್ ಸುಟ್ಟ ವಾಸನೆ, ಹಿಂದಿನ ದೀಪ ಹೋಯಿತು. ಮನೆಗೆ ಬಂದು ಟಾರ್ಚ್ ಬಿಟ್ಟು ನೋಡಿದರೆ ಟೈರ್ ಮಡ್‌ಗಾರ್ಡ್ ಒಳಗಿನ ಟೇಲ್ ಲ್ಯಾಂಪ್ ವೈರನ್ನು ತಾಮ್ರ ಕಾಣೋವರೆಗೆ ಸವೆಸಿತ್ತು. ಟೈರಿನ ನಡುಮಧ್ಯೆ ಬೆರಳಗಲದ ಗೀಟು. ಅದು ಮಡ್‌ಗಾರ್ಡ್ ತಗಡಿನಿಂದ ಆದದ್ದಲ್ಲ, ನಂಬರ್ ಪ್ಲೇಟ್ ಕ್ಲಾಂಪಿನ ಬೋಲ್ಟ್ ತುದಿ ಒಳಗೆ ಕಾಲಿಂಚು ಚಾಚಿಕೊಂಡಿತ್ತು. ಈ ಬೋಲ್ಟ್ ವಿಷಯ ನೆನಪಿಡಿ, ಮುಂದೆ ಬರುತ್ತೆ.

ಮೂರನೆಯದು ಸ್ಪ್ರಿಂಗ್ ಕುಯ್ಯೋದು. ಒಂದು ಹಳೇ ಜೋಡಿ ತಗೊಂಡು ಎರಡು ಸುತ್ತು ಗ್ರೈಂಡರ್‌ನಲ್ಲಿ ಕತ್ತರಿಸಿದೆ. ಇಳಿಯಿತು, ಸ್ವಲ್ಪ ಗಟ್ಟಿಯೂ ಆಯಿತು. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಟ್ಟಿ ಆಗೋದು ನಿಮಗೆ ಗೊತ್ತೇ ಇದೆ. ಆದರೆ ಸೆಂಟರ್ ಸ್ಟ್ಯಾಂಡ್ ಹಾಕಿದರೆ ಶಾಕ್ ಪೂರ್ತಿ ಚಾಚಿಕೊಂಡು, ಗಿಡ್ಡ ಸ್ಪ್ರಿಂಗ್ ಒಳಗೆ ಸಡಿಲವಾಗಿ ಲೊಟಲೊಟ ಅನ್ನುತ್ತಿತ್ತು. ಗುಂಡಿಯಲ್ಲಿ ಚಕ್ರ ಕೆಳಗೆ ಬಿದ್ದಾಗ ಒಂದು ಕಡೆಯ ಸ್ಪ್ರಿಂಗ್ ಹಿಡಿಯೋ ಕಾಲರ್ ಜಾಗ ಬಿಟ್ಟು ಸರಿದಿತ್ತು. ಅದು ಕಳಚಿಕೊಂಡಿದ್ದರೆ ಏನಾಗ್ತಿತ್ತು ಅಂತ ಇವತ್ತಿಗೂ ಯೋಚನೆ ಬರುತ್ತೆ.

ಇಷ್ಟಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಕೂತು ಸರಿಯಾಗಿ ಅಳೆದೆ. ಎರಡೂ ಶಾಕ್‌ನ ಸ್ಪ್ರಿಂಗ್ ತೆಗೆದು, ಬರೀ ಡ್ಯಾಂಪರನ್ನು (ಒಳಗಿನ ಎಣ್ಣೆ ಕೊಳವೆ) ಗಾಡಿಗೆ ಹಾಕಿದೆ. ಚಪಾತಿ ಹಿಟ್ಟು ಗಟ್ಟಿಯಾಗಿ ಕಲಸಿ, ಸಣ್ಣ ಉಂಡೆ ಮಾಡಿ, ಮಡ್‌ಗಾರ್ಡ್ ಒಳಗೆ ಐದು ಕಡೆ ಅಂಟಿಸಿದೆ. ಟೈರಿಗೆ ಎಣ್ಣೆ ಸವರಿದೆ, ಹಿಟ್ಟು ಅಂಟಬಾರದಲ್ಲ. ಸಾಮಾನು ಕಟ್ಟೋ ರಾಚೆಟ್ ಬೆಲ್ಟ್ ಹಾಕಿ ಚಕ್ರವನ್ನು ಮೇಲಕ್ಕೆ, ಶಾಕ್ ತಳ ಹೊಡೆಯೋ ಕಡೆ ಇರೋ ಬಂಪ್ ರಬ್ಬರ್ ಪೂರ್ತಿ ಅಪ್ಪಚ್ಚಿ ಆಗೋವರೆಗೆ ಎಳೆದೆ. ಬಿಚ್ಚಿ ಉಂಡೆಗಳ ದಪ್ಪ ಅಳೆದರೆ ಕಂಪನಿ ಶಾಕ್‌ನಲ್ಲಿ ಅತಿ ಕಡಿಮೆ ಜಾಗ ಇರೋ ಕಡೆಯೂ 14 ಮಿ.ಮೀ. ಬಿಡುವಿತ್ತು. ಬ್ರಾಕೆಟ್ ಹಾಕಿ ಮತ್ತೆ ಎಳೆದೆ, ಉಂಡೆ ಕಾಗದ ಆಗಿತ್ತು.

ಅಲ್ಲಿ ಸಿಕ್ಕಿತು ಉತ್ತರ. ಟೈರ್ ಮಡ್‌ಗಾರ್ಡ್‌ಗೆ ತಾಗೋದು ಶಾಕ್ ಪೂರ್ತಿ ಒತ್ತಿದಾಗ, ಗಾಡಿ ಸುಮ್ಮನೆ ನಿಂತಾಗ ಅಲ್ಲ. ಬ್ರಾಕೆಟ್ ಹಾಕಿದರೆ ಚಕ್ರದ ಓಡಾಟದ ಎರಡು ತುದಿಯೂ ಸರಿಯುತ್ತೆ, ನಿಂತ ಎತ್ತರವೂ ಇಳಿಯುತ್ತೆ, ಒತ್ತಿದಾಗ ಚಕ್ರವೂ ಅಷ್ಟೇ ಮೇಲೇರುತ್ತೆ. ನನಗೆ ಬೇಕಿದ್ದದ್ದು ಶಾಕ್ ಕಡಿಮೆ ಚಾಚೋದು. ಪೂರ್ತಿ ಒತ್ತಿದಾಗಿನ ಉದ್ದ ಕಂಪನಿಯವರು ಕೊಟ್ಟಷ್ಟೇ ಇರಬೇಕು. ಅಂದರೆ ಕೆಲಸ ಆಗಬೇಕಾದದ್ದು ಶಾಕ್ ಒಳಗೆ.

ಹಳೇ ಒರಿಜಿನಲ್ ಶಾಕ್ ಬಿಚ್ಚಿ ಕಟ್ಟೋಕೆ ಬರುತ್ತೆ, ಈಗ ಸಿಗೋ ಸೀಲ್ ಮಾಡಿದ ಅಗ್ಗದ ಮಾಲಿನಲ್ಲಿ ಆಗಲ್ಲ. ನನ್ನ ಗಾಡಿಯದ್ದನ್ನು ಮುಟ್ಟಲಿಲ್ಲ. ಮೈಸೂರಿನ ಫ್ಯಾಕ್ಟರಿ ಮುಚ್ಚಿದ್ದು 1996ರಲ್ಲಿ, ಈಗ ಒಂದು ಒರಿಜಿನಲ್ ಕೆಡಿಸಿದರೆ ಒಂದು ಕಡಿಮೆ ಆದಂಗೆ. ಶಿವಾಜಿನಗರದ ಗುಜರಿಯಲ್ಲಿ ತುಕ್ಕು ಹಿಡಿದ, ಆದರೆ ರಾಡ್ ನೇರ ಇದ್ದ ಒಂದು ಜೋಡಿ 900ಕ್ಕೆ ಸಿಕ್ಕಿತು. ಫ್ರೇಮಿಗೆ ಒಂದು ಚುಕ್ಕಿ ವೆಲ್ಡಿಂಗ್ ಕೂಡ ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಐದು ವರ್ಷಕ್ಕೊಮ್ಮೆ ಆರ್.ಸಿ. ರಿನ್ಯೂವಲ್‌ಗೆ ಗಾಡಿ ತೋರಿಸಬೇಕು. ಆಗ ಅರ್ಧ ಗಂಟೆಯಲ್ಲಿ ಹಳೇ ಶಾಕ್ ಹಾಕಿ ನಿಲ್ಲಿಸಬಹುದು.

ಒಳಗೆ ರಾಡ್ ತುದಿಯ ಪಿಸ್ಟನ್ನಿಗೂ, ರಾಡ್ ಹೊರಬರೋ ಮೇಲಿನ ಗೈಡಿಗೂ ನಡುವೆ ಒಂದು ಸ್ಪೇಸರ್ (ರಾಡ್ ಮೇಲೆ ಕೂರೋ ಉಂಗುರದಂಥ ತುಂಡು) ಹಾಕಿದರೆ ಶಾಕ್ ಅಷ್ಟು ಕಡಿಮೆ ಚಾಚುತ್ತೆ. ಕೇಳೋಕೆ ಸುಲಭ. ಮೊದಲ ಸ್ಪೇಸರನ್ನು ಎಸ್.ಜೆ.ಪಿ. ರಸ್ತೆಯಲ್ಲಿ ತಂದ ನೈಲಾನ್ ರಾಡಿನಿಂದ ತಿರುಗಿಸಿದೆ, 22 ಮಿ.ಮೀ. ಉದ್ದ. ಜೋಡಿಸಿ ಕೈಯಲ್ಲಿ ಒತ್ತಿದರೆ ಒಳಗೆ ಹೋಗುತ್ತೆ, ವಾಪಸ್ ಬರೋದೇ ಇಲ್ಲ. ಕೊರಡಿನಂಗೆ ನಿಂತಿತು. ಸ್ಪೇಸರಿನ ಸಪಾಟು ಮುಖ ಪಿಸ್ಟನ್ನಿನ ಎಣ್ಣೆ ತೂತುಗಳನ್ನೇ ಮುಚ್ಚಿತ್ತು! ಎರಡನೆಯದನ್ನು ಅಲ್ಯೂಮಿನಿಯಂನಲ್ಲಿ ಮಾಡಿ, ಪಿಸ್ಟನ್ ಕಡೆ ಮುಖಕ್ಕೆ ಎಣ್ಣೆ ಹರಿಯೋ ತೋಡು ಕೊರೆದೆ. ನಾಲ್ಕು ತೋಡು, ಒಂದೊಂದೂ 3 ಮಿ.ಮೀ. ಆಳ. ಅಂಚು ಉಗುರಿಗೆ ತಾಗದಷ್ಟು ನಯವಾಗೋವರೆಗೆ ಎಮರಿ ಪೇಪರ್ ತಿಕ್ಕಿದೆ. ಈಗ ಎಣ್ಣೆ ಸರಾಗವಾಗಿ ಹರಿಯುತ್ತೆ.

ಎಣ್ಣೆಯಲ್ಲೂ ಒಮ್ಮೆ ಪೆಟ್ಟು ತಿಂದೆ. ಹಳೇ ಅಳತೆಯಷ್ಟೇ ಎಣ್ಣೆ ಹಾಕಿದ್ದೆ. ಸ್ಪೇಸರ್ ತಾನೇ ಸುಮಾರು 8 ಎಂ.ಎಲ್. ಜಾಗ ತಿಂದಿರುತ್ತೆ ಅನ್ನೋದು ಹೊಳೆಯಲಿಲ್ಲ. ಒಳಗೆ ಗಾಳಿಗೆ ಜಾಗ ಕಡಿಮೆಯಾಗಿ, ಜೋರಾಗಿ ಒತ್ತಿದ ಮೊದಲ ಸಲವೇ ಬಲಗಡೆ ಸೀಲ್ ಎದ್ದು ಎಣ್ಣೆ ಸೈಲೆನ್ಸರ್ ಮೇಲೆ ಚೆಲ್ಲಿತು. ಸ್ಪೇಸರ್ ತುಂಬಿದಷ್ಟು ಎಣ್ಣೆ ಕಡಿಮೆ ಹಾಕಿ. ಯಾವ ಎಣ್ಣೆ, ಯಾವುದರ ಜೊತೆ ಎಷ್ಟು ಬೆರೆಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಅದಕ್ಕೆ ಹನ್ನೊಂದು ಸಲ ಶಾಕ್ ಬಿಚ್ಚಿದ್ದೇನೆ. ಹಾಗೇ, ಚಾಚಿದ ತುದಿಯಲ್ಲಿ ‘ಟಕ್’ ಅನ್ನದಿರಲಿ ಅಂತ ಸ್ಪೇಸರ್ ಮೇಲೆ ಒಂದು ರಬ್ಬರ್ ರಿಂಗ್ ಕೂರಿಸಿದ್ದೇನೆ. ಎಣ್ಣೆಗೆ ಊದಿಕೊಳ್ಳದ್ದು ಬೇಕು ಅಂತಷ್ಟೇ ಹೇಳ್ತೀನಿ, ಅದು ಯಾವುದರ ರಬ್ಬರ್ ಅಂತ ನೀವೇ ಹುಡುಕಿ.

ಹೊಸ ಸ್ಪ್ರಿಂಗ್ ಸುತ್ತಿಸೋಕೆ ಕಾಮಾಕ್ಷಿಪಾಳ್ಯಕ್ಕೆ ಹೋದೆ. ಓಡಾಟ ಕಡಿಮೆಯಾದ ಶಾಕ್‌ಗೆ ಹಳೇ ಸ್ಪ್ರಿಂಗ್ ಸಾಲದು, ತಳ ಹೊಡೆಯುತ್ತೆ. ಹಳೆಯದರ ತಂತಿ 7 ಮಿ.ಮೀ., ನಾನು 7.5ರಲ್ಲಿ ಸುತ್ತಿಸಿದೆ. ಅರ್ಧ ಮಿ.ಮೀ. ಅಂದರೆ ಏನು ಮಹಾ ಅನ್ನಬೇಡಿ, ಸುತ್ತಿನ ಅಳತೆ ಅದೇ ಇದ್ದರೆ ಶೇ. 30ರಷ್ಟು ಗಟ್ಟಿ ಆಗುತ್ತೆ. ಉದ್ದವನ್ನೂ ಸ್ಪೇಸರಿನಷ್ಟೇ ಕಡಿಮೆ ಮಾಡಿಸಿದೆ, ಹಾಗಾಗಿ ಈಗ ಲೊಟಲೊಟ ಇಲ್ಲ. ಎರಡಕ್ಕೆ ಮಷಿನ್ ಸೆಟ್ ಮಾಡಲ್ಲ, ನಾಲ್ಕಾದರೂ ಬೇಕು ಅಂದರು. ನಾಲ್ಕಕ್ಕೆ 2,600 ಕೊಟ್ಟೆ. ಹೊಳೆಯಲಿ ಅಂತ ಕ್ರೋಮ್ ಮಾತ್ರ ಮಾಡಿಸಬೇಡಿ. ಪ್ಲೇಟಿಂಗ್ ಆದ ಮೇಲೆ ಸರಿಯಾಗಿ ಬೇಯಿಸದಿದ್ದರೆ ಗಟ್ಟಿ ಸ್ಪ್ರಿಂಗ್ ಪೆಳಸಾಗಿ ಮುರಿಯುತ್ತೆ. ನಾನು ಕಪ್ಪು ಪೇಂಟ್ ಹೊಡೆದೆ, ಹೇಗೂ ಮೇಲಿನ ತಗಡು ಮುಚ್ಚುತ್ತೆ.

ಶಾಕ್‌ನಲ್ಲಿ 22 ಮಿ.ಮೀ. ಕಡಿಮೆ ಮಾಡಿದ್ದಕ್ಕೆ ಎಕ್ಸಲ್ (ಚಕ್ರದ ಅಚ್ಚು) ಹತ್ತಿರ 25 ಮಿ.ಮೀ. ಇಳಿಯಿತು. ಆದರೆ ನೀವು ಕೂರೋದು ಎಕ್ಸಲ್ ಮೇಲಲ್ಲ, ಅದಕ್ಕಿಂತ ಮುಂದೆ. ಸೀಟಿನಲ್ಲಿ ಸಿಕ್ಕಿದ್ದು 16, ಹೆಚ್ಚೆಂದರೆ 17. ಸ್ಪ್ರಿಂಗ್ ಗಟ್ಟಿಯಾದ್ದರಿಂದ ಕೂತಾಗ ಅದರಲ್ಲೂ ಸ್ವಲ್ಪ ಹೋಗುತ್ತೆ. ಉಳಿದದ್ದನ್ನು ಬೇರೆ ಕಡೆ ಹುಡುಕಬೇಕಾಯಿತು. ಹಿಂದಿನ ಮಾಲೀಕರು ಅಗಲ ಇರಲಿ ಅಂತ 3.50-18 ಟೈರ್ ಹಾಕಿಸಿದ್ದರು. ವಾಪಸ್ 3.25-18ಕ್ಕೆ ಬಂದೆ, ಎಕ್ಸಲ್ 6 ಮಿ.ಮೀ. ಇಳಿಯಿತು. ಟೈರ್ ಚಿಕ್ಕದಾದ್ದರಿಂದ ಮಡ್‌ಗಾರ್ಡ್ ಕಡೆ ಅಷ್ಟೇ ಬಿಡುವೂ ಹೆಚ್ಚಿತು. ಒಂದೇ ಬದಲಾವಣೆಯಲ್ಲಿ ಎರಡು ಲಾಭ.

ಸೀಟ್ ವಿಷಯದಲ್ಲಿ ಮೆಕ್ಯಾನಿಕ್ ಅಣ್ಣ ಹೇಳಿದ್ದು ಅರ್ಧ ಸರಿ. ಮೊದಲು ಮೇಲಿನಿಂದ ಒಂದಿಂಚು ಫೋಮ್ ತೆಗೆಸಿದ್ದೆ, ಸಾವನದುರ್ಗಕ್ಕೆ ಹೋಗಿ ಬರೋಷ್ಟರಲ್ಲಿ ಬಾಲದ ಮೂಳೆ ನೋವು ಹತ್ತಿತು. ಆಮೇಲೆ ಮೇಲೆ ಅರ್ಧ ಇಂಚು ಮಾತ್ರ ತೆಗೆಸಿ, ಮುಂದಿನ ಎರಡೂ ಬದಿಯನ್ನು ಒಳಗೆ ಕೆತ್ತಿಸಿದೆ. ತೊಡೆ ಅಗಲಿಸೋದು ಕಡಿಮೆಯಾದರೆ ಕಾಲು ನೇರ ಕೆಳಗೆ ಬರುತ್ತೆ. ಎತ್ತರ ಕಡಿಮೆ ಮಾಡಿದ್ದಕ್ಕಿಂತ ಇದರಿಂದಲೇ ಹೆಚ್ಚು ಸಿಕ್ಕಿತು. ಕವರ್ ಸೇರಿ 850.

ಇನ್ನು ಆ ಬೋಲ್ಟ್‌ಗಳು. ಮಡ್‌ಗಾರ್ಡ್‌ಗೆ ಹೋಗೋ ಪ್ರತಿ ಬೋಲ್ಟನ್ನೂ ತಿರುಗಿಸಿ ಹಾಕಿದೆ. ಬಟನ್ ತಲೆ ಒಳಗೆ, ನಟ್ ಹೊರಗೆ. ಇಷ್ಟಕ್ಕೇ 5-6 ಮಿ.ಮೀ. ಬಿಡುವು ಬಂತು, ಖರ್ಚು 40 ರೂಪಾಯಿ. ಟೇಲ್ ಲ್ಯಾಂಪ್ ವೈರನ್ನು ಮಡ್‌ಗಾರ್ಡ್ ಅಂಚಿನ ಮಡಿಕೆಯೊಳಗೆ ಕೂರಿಸಿದೆ. ಮತ್ತೆ ಹಿಟ್ಟಿನ ಉಂಡೆ ಇಟ್ಟು ಎಳೆದು ನೋಡಿದೆ. ಅತಿ ಕಡಿಮೆ ಬಿಡುವು ಈಗ 20 ಮಿ.ಮೀ. ಮೇಲಿದೆ. ಗಾಡಿ ಇಳಿದಿದೆ, ಬಿಡುವು ಮೊದಲಿಗಿಂತ ಹೆಚ್ಚಿದೆ!

ಚೈನ್ ಮರೀಬೇಡಿ. ಮುಂದಿನ ಸ್ಪ್ರಾಕೆಟ್ (ಚೈನಿನ ಹಲ್ಲುಚಕ್ರ), ಹಿಂದಿನ ಚಕ್ರ ಹಿಡಿಯೋ ಸ್ವಿಂಗ್ ಆರ್ಮ್‌ನ ಪಿನ್, ಎಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿ. ಇಳಿಸಿದ ಗಾಡಿ ನಿಂತಲ್ಲೇ ಆ ಗೆರೆಗೆ ಹತ್ತಿರ ಇರುತ್ತೆ. ನಮ್ಮ ಚೈನ್ ಪೂರ್ತಿ ಕೇಸ್ ಒಳಗಿರೋದರಿಂದ ಹೊರಗಿನಿಂದ ಕಾಣಲ್ಲ. ಸ್ಪ್ರಿಂಗ್ ಇಲ್ಲದೆ ಚಕ್ರ ಎತ್ತಿ, ಅತಿ ಬಿಗಿ ಇರೋ ಜಾಗದಲ್ಲೇ ಸಡಿಲು ನೋಡಿ ಹೊಂದಿಸಿ. ಹೆಡ್‌ಲೈಟ್ ಮೇಲೆ ನೋಡುತ್ತೆ, ಸ್ವಲ್ಪ ತಗ್ಗಿಸಿ. ಮುಂದಿನ ಫೋರ್ಕ್ ನಾನು ಮುಟ್ಟಿಲ್ಲ. ಹ್ಯಾಂಡಲ್ ಒಂಚೂರು ಭಾರ ಅನಿಸುತ್ತೆ, ನೇರ ರಸ್ತೆಯಲ್ಲಿ ಅದೇ ನನಗೆ ಇಷ್ಟ. ಸೈಡ್ ಸ್ಟ್ಯಾಂಡ್ ಹಾಕಿದರೆ ಗಾಡಿ ತೀರಾ ನೆಟ್ಟಗೆ ನಿಂತು ಬಲಕ್ಕೆ ವಾಲೋ ಹಾಗಿತ್ತು, 15 ಮಿ.ಮೀ. ಕುಯ್ಸಿ ಪಾದ ಮತ್ತೆ ಬೆಸೆಸಿದೆ. ಸೆಂಟರ್ ಸ್ಟ್ಯಾಂಡ್ ಹಾಕೋಕೆ ಮೊದಲಿಗಿಂತ ಜೋರು ಬೇಕು. ಹಿಂದಿನ ಚಕ್ರದ ಕೆಳಗೆ ಒಂದು ಹಲಗೆ ತುಂಡು ಇಟ್ಟುಕೊಂಡರೆ ಸಲೀಸು.

ಜುಲೈ ಎರಡನೇ ಭಾನುವಾರ, ಜಾವಾ, ಯೆಜ್ಡಿ ಇರೋರೆಲ್ಲ ಸೇರೋ ಜಾವಾ ದಿನಕ್ಕೆ ಗಾಡಿ ತಯಾರಿತ್ತು. ಮೆಕ್ಯಾನಿಕ್ ಅಣ್ಣ ಬಗ್ಗಿ, ಮಡ್‌ಗಾರ್ಡ್ ಒಳಗೆ ಅಂಗೈ ಹಾಕಿ, ಬೋಲ್ಟ್ ತಲೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಆಮೇಲೆ ತಾವೇ ಹತ್ತಿ ಕೂತು ನಾಲ್ಕು ಸಲ ಜೋರಾಗಿ ಕುಪ್ಪಳಿಸಿದರು. ಅವರು ಆರಾಮಾಗಿ 85 ಕೆ.ಜಿ. ಇದ್ದಾರೆ. “ಸ್ಪೇಸರ್ ಎಷ್ಟು ಹಾಕಿದ್ರಿ?” ಅಂತ ಮಾತ್ರ ಕೇಳಿದರು. ಹೇಳಿದೆ. ಎಣ್ಣೆಯ ಬಗ್ಗೆ ಅವರಿಗೂ ಹೇಳಿಲ್ಲ.

ಕೆಲಸಕ್ಕೆ ಬಂದ ಖರ್ಚು ಟೈರ್ ಬಿಟ್ಟು 5,500 ಇರಬಹುದು, ಹಾಳಾದ 7,000 ಬೇರೆ. ಕಾಮಾಕ್ಷಿಪಾಳ್ಯದಲ್ಲಿ ಸುತ್ತಿಸಿದ ನಾಲ್ಕರಲ್ಲಿ ಎರಡು ಸ್ಪ್ರಿಂಗ್ ಇನ್ನೂ ನನ್ನ ಹತ್ತಿರವೇ ಇವೆ. 50ರಿಂದ 60 ಕೆ.ಜಿ. ತೂಕದವರು, ರೋಡ್‌ಕಿಂಗ್ ಇದ್ದವರು ಯಾರಾದರೂ ಬಂದರೆ ಕೊಂಡ ಬೆಲೆಗೇ ಕೊಡ್ತೀನಿ. ಗಾಡಿ ತಂದರೆ ಹಿಟ್ಟು ಕಲಸಿ ಅಳೆಯೋದನ್ನೂ ಜೊತೆಯಲ್ಲೇ ಮಾಡೋಣ.