ವಚನದ ಹಿಂದುಮುಂದು: ಬೈಬಲ್ ಭಾಗಕ್ಕೆ ಕ್ರೈಸ್ತರು ಅರ್ಥ ಕಂಡುಕೊಳ್ಳುವ ಬಗೆ

ಡಿಸೆಂಬರ್ 31ರ ರಾತ್ರಿ ಬೆಂಗಳೂರಿನ ಅನೇಕ ಸಭೆಗಳಲ್ಲಿ ಹೊಸ ವರ್ಷದ ಆರಾಧನೆಯ ಕೊನೆಗೆ ವಾಗ್ದಾನದ ಕಾರ್ಡುಗಳನ್ನು ಹಂಚುವ ರೂಢಿಯಿದೆ. ಒಂದೊಂದು ಕಾರ್ಡಿನಲ್ಲಿ ಬೈಬಲಿನ ಒಂದೊಂದು ವಚನ ಅಚ್ಚಾಗಿರುತ್ತದೆ. ಕೈಗೆ ಬಂದದ್ದನ್ನು ಆ ವರ್ಷಕ್ಕೆ ದೇವರು ಕೊಟ್ಟ ಮಾತೆಂದು ಜನ ಮನೆಗೆ ಒಯ್ದು ಬೀರುವಿನ ಕನ್ನಡಿಗೋ ಫ್ರಿಜ್ಜಿನ ಬಾಗಿಲಿಗೋ ಅಂಟಿಸಿಕೊಳ್ಳುತ್ತಾರೆ. ಅಲ್ಲಿ ಮೇಲಿಂದ ಮೇಲೆ ಕಾಣಿಸಿಕೊಳ್ಳುವ ವಚನಗಳಲ್ಲಿ ಯೆರೆಮೀಯನ ಗ್ರಂಥದ 29ನೆಯ ಅಧ್ಯಾಯದ 11ನೆಯದೂ ಒಂದು. ನಿಮ್ಮ ವಿಷಯದಲ್ಲಿ ನನಗಿರುವ ಆಲೋಚನೆಗಳು ಕೇಡಿನವಲ್ಲ, ಹಿತದವು; ನಿಮಗೆ ಮುಂದೆ ಒಳ್ಳೆಯ ಗತಿಯೂ ನಿರೀಕ್ಷೆಯೂ ಇರಬೇಕೆಂಬುದೇ ನನ್ನ ಉದ್ದೇಶ ಎಂಬುದು ಅದರ ತಾತ್ಪರ್ಯ. ಕೆಲಸ ಹುಡುಕುತ್ತಿರುವವರಿಗೆ, ಕಾಯಿಲೆಯಲ್ಲಿ ಬಳಲುತ್ತಿರುವವರಿಗೆ ಇದು ಧೈರ್ಯ ತುಂಬುವ ಮಾತೇ ಸರಿ. ಆದರೆ ಇದನ್ನು ಮೊತ್ತಮೊದಲು ಕೇಳಿಸಿಕೊಂಡವರು ಯಾರು, ಅವರಿಗೆ ಇದು ಹೇಗೆ ಕೇಳಿಸಿತು ಎಂಬುದು ಕಾರ್ಡಿನಲ್ಲಿ ಇರುವುದಿಲ್ಲ. ‘ಇದು ನನಗೆ ಏನು ಹೇಳುತ್ತದೆ’ ಎಂದು ಕೇಳುವ ಮುನ್ನ ‘ಇದು ಅವರಿಗೆ ಏನು ಹೇಳಿತು’ ಎಂದು ಕೇಳಬೇಕೆಂಬುದನ್ನು ಬೈಬಲ್ ಕಲಿಸುವವರು, ಪಂಗಡ ಯಾವುದೇ ಇರಲಿ, ಸಾಮಾನ್ಯವಾಗಿ ಒಪ್ಪುತ್ತಾರೆ. ಮುಂದಿನ ಹೆಜ್ಜೆಗಳೆಲ್ಲ ಈ ಒಂದು ಕ್ರಮದ ಮೇಲೆಯೇ ನಿಂತಿವೆ.

ಮೊದಲು ಅಧ್ಯಾಯ ಓದಿ, ಆಮೇಲೆ ವಚನ

ಬೈಬಲನ್ನು ಬರೆದವರು ಅಧ್ಯಾಯ, ವಚನಗಳ ಅಂಕಿಗಳನ್ನು ಹಾಕಿರಲಿಲ್ಲ. ಇಂದು ಬಳಕೆಯಲ್ಲಿರುವ ಅಧ್ಯಾಯಗಳ ವಿಂಗಡಣೆ 13ನೆಯ ಶತಮಾನದ ಆರಂಭದ್ದು. ಅದನ್ನು ಸ್ಟೀಫನ್ ಲ್ಯಾಂಗ್ಟನ್ ಎಂಬ ವಿದ್ವಾಂಸನ ಹೆಸರಿನೊಂದಿಗೆ ಹೇಳುತ್ತಾರೆ. ಹೊಸ ಒಡಂಬಡಿಕೆಗೆ, ಅಂದರೆ ಯೇಸುವಿನ ಕಾಲದಿಂದ ಮುಂದಿನ ಬರಹಗಳಿರುವ ಬೈಬಲಿನ ಎರಡನೆಯ ಭಾಗಕ್ಕೆ, ಈಗಿರುವ ವಚನ ಸಂಖ್ಯೆಗಳು ಬಂದದ್ದು 1551ರಲ್ಲಿ, ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕನಿಂದ. ಹುಡುಕುವುದಕ್ಕೆ ಇವು ಬಹಳ ಅನುಕೂಲ. ಅರ್ಥಕ್ಕೆ ಮಾತ್ರ ಅಷ್ಟೇ ಅಪಾಯ. ಅಂಕಿ ಕಂಡೊಡನೆ ಆ ಒಂದು ಸಾಲು ತಾನೇ ಪೂರ್ಣವಾದ ಮಾತೆಂಬ ಭ್ರಮೆ ಹುಟ್ಟುತ್ತದೆ.

ಆದ್ದರಿಂದ ಯೆರೆಮೀಯ 29:11 ಎದುರಾದರೆ ಮೊದಲ ವಚನದಿಂದ, ಸಾಧ್ಯವಾದರೆ ಹಿಂದಿನ ಅಧ್ಯಾಯದಿಂದಲೇ ಓದಬೇಕು. ಆಗ ಇದೊಂದು ಪತ್ರವೆಂದು ತಿಳಿಯುತ್ತದೆ. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸನಾದ ನೆಬೂಕದ್ನೆಚ್ಚರನು ಯೆರೂಸಲೇಮಿನ ರಾಜನನ್ನೂ ಪ್ರಮುಖರನ್ನೂ ಕುಶಲಕರ್ಮಿಗಳನ್ನೂ ಸೆರೆ ಒಯ್ದಿದ್ದನು; ಊರಿನಲ್ಲೇ ಉಳಿದಿದ್ದ ಪ್ರವಾದಿ ಯೆರೆಮೀಯನು ಆ ಸೆರೆಯವರಿಗೆ ಇದನ್ನು ಬರೆದು ಕಳುಹಿಸಿದನು. ಹಿಂದಿನ ಅಧ್ಯಾಯದಲ್ಲಿ ಹನನ್ಯನೆಂಬ ಇನ್ನೊಬ್ಬ ಪ್ರವಾದಿ, ಎರಡೇ ವರ್ಷಗಳೊಳಗೆ ಎಲ್ಲರೂ ಮರಳಿ ಬರುತ್ತಾರೆಂದು ದೇವಾಲಯದಲ್ಲಿ ಜನರೆದುರಿಗೆ ಸಾರಿದ್ದಾನೆ. ಕೇಳುವವರಿಗೆ ಹಿತವಾದ ಮಾತು ಅದು. ಯೆರೆಮೀಯನ ಪತ್ರ ಅದನ್ನು ಅಲ್ಲಗಳೆಯುತ್ತದೆ: ಮನೆ ಕಟ್ಟಿಕೊಳ್ಳಿರಿ, ತೋಟ ಮಾಡಿಕೊಳ್ಳಿರಿ, ಮಕ್ಕಳ ಮದುವೆ ಮಾಡಿರಿ, ನಿಮ್ಮನ್ನು ಸೆರೆ ಒಯ್ದ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿರಿ. ಕಾರ್ಡಿನ ವಚನಕ್ಕೆ ಒಂದೇ ಸಾಲು ಹಿಂದೆ, ಅಂದರೆ 10ನೆಯ ವಚನದಲ್ಲಿ, ಬಿಡುಗಡೆಗೆ ಎಪ್ಪತ್ತು ವರ್ಷಗಳ ಅವಧಿ ನಿಗದಿಯಾಗಿದೆ. ಪತ್ರವನ್ನು ಕೇಳಿಸಿಕೊಂಡ ಹಿರಿಯರಲ್ಲಿ ಹೆಚ್ಚಿನವರು ಆ ಬಿಡುಗಡೆಯನ್ನು ಕಾಣದೆಯೇ ತೀರಿಕೊಂಡಿರಬೇಕು.

ಇಷ್ಟು ಓದಿದ ಮೇಲೆ ಕಾರ್ಡನ್ನು ಹರಿದು ಹಾಕಬೇಕಾಗಿಲ್ಲ. ಹಿತದ ಆಲೋಚನೆ ಎಂಬುದು ಒಬ್ಬ ವ್ಯಕ್ತಿಯ ಈ ವರ್ಷದ ಬಡ್ತಿಯ ಕುರಿತಾದುದಲ್ಲ, ಒಂದು ಜನಾಂಗದ ದೀರ್ಘ ಕಾಯುವಿಕೆಯ ಕುರಿತಾದುದು ಎಂಬುದು ಸ್ಪಷ್ಟವಾದರೆ ಸಾಕು. ಫಿಲಿಪ್ಪಿಯವರಿಗೆ ಬರೆದ ಪತ್ರದ 4:13ಕ್ಕೂ ಇದೇ ಪರೀಕ್ಷೆ ಬೇಕು. ನನ್ನನ್ನು ಬಲಪಡಿಸುವಾತನ ಮೂಲಕ ಎಲ್ಲಕ್ಕೂ ಶಕ್ತನಾಗಿದ್ದೇನೆ ಎಂಬ ಆ ಮಾತು ಪರೀಕ್ಷೆ ಬರೆಯುವ ಮಕ್ಕಳ ಪೆನ್ಸಿಲ್ ಡಬ್ಬಿಗಳ ಮೇಲೂ ಇರುತ್ತದೆ. ಯೇಸುವಿನ ಅಪೊಸ್ತಲನಾದ ಪೌಲನು ಅದನ್ನು ಬರೆದದ್ದು ಸೆರೆಯಲ್ಲಿದ್ದಾಗ. ಹಿಂದಿನ ಎರಡು ವಚನಗಳಲ್ಲಿ ಅವನು ಹೇಳುತ್ತಿರುವುದು ಹಸಿವನ್ನೂ ಕೊರತೆಯನ್ನೂ ತೃಪ್ತಿಯಿಂದ ಸಹಿಸುವುದನ್ನು ಕಲಿತ ಸಂಗತಿಯನ್ನು, ಗೆಲುವನ್ನಲ್ಲ.

ಯಾವ ಬಗೆಯ ಬರಹವೆಂದು ಗುರುತಿಸಿ

ಬೈಬಲ್ ಒಂದು ಪುಸ್ತಕವಲ್ಲ, ಪುಸ್ತಕಗಳ ಭಂಡಾರ. ಪ್ರೊಟೆಸ್ಟೆಂಟರ ಎಣಿಕೆಯಲ್ಲಿ 66, ಕಥೋಲಿಕರ ಎಣಿಕೆಯಲ್ಲಿ 73. ಅದರಲ್ಲಿ ವಂಶಾವಳಿಯಿದೆ, ಶಾಸನವಿದೆ, ಯುದ್ಧದ ವೃತ್ತಾಂತವಿದೆ, ಪ್ರೇಮಗೀತೆಯಿದೆ, ದರ್ಶನವಿದೆ. ಕೀರ್ತನೆಯನ್ನು ಕಾನೂನಿನಂತೆಯೂ ಪ್ರಕಟನೆಯ ಗ್ರಂಥವನ್ನು ದಿನಪತ್ರಿಕೆಯಂತೆಯೂ ಓದಿದರೆ ಅರ್ಥ ಕೆಡುತ್ತದೆ. ಇದಕ್ಕೆ ಅತ್ಯಂತ ಸೊಗಸಾದ ಸಾಕ್ಷಿ ಜ್ಞಾನೋಕ್ತಿಗಳ 26ನೆಯ ಅಧ್ಯಾಯದಲ್ಲಿದೆ. ಮೂಢನಿಗೆ ಅವನ ಮೂಢತನಕ್ಕೆ ತಕ್ಕಂತೆ ಉತ್ತರ ಕೊಡಬೇಡ ಎಂದು 4ನೆಯ ವಚನ ಹೇಳಿದರೆ, ಕೊಡು ಎಂದು 5ನೆಯ ವಚನ ಹೇಳುತ್ತದೆ. ಇವು ಆಜ್ಞೆಗಳಾಗಿದ್ದರೆ ಇದು ವಿರೋಧಾಭಾಸ. ಇವು ಗಾದೆಗಳು, ‘ತಾಳಿದವನು ಬಾಳಿಯಾನು’ ಎನ್ನುವ ಅಜ್ಜಿಯೇ ಮರುದಿನ ‘ಆಲಸ್ಯಂ ಅಮೃತಂ ವಿಷಂ’ ಎಂದರೆ ನಾವು ಯಾರೂ ಆಕ್ಷೇಪಿಸುವುದಿಲ್ಲ. ಯಾವುದು ಯಾವಾಗ ಸಲ್ಲುತ್ತದೆಂದು ತಿಳಿಯುವುದೇ ಜ್ಞಾನ, ಮತ್ತು ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟ ಸಂಗ್ರಾಹಕನಿಗೆ ಅದು ಚೆನ್ನಾಗಿಯೇ ಗೊತ್ತಿತ್ತು.

ಒಂದು ಸಾಮತಿಯನ್ನು (ದೃಷ್ಟಾಂತ ಕಥೆಯನ್ನು) ಹತ್ತಿರದಿಂದ ನೋಡೋಣ

ಎಲ್ಲರಿಗೂ ಗೊತ್ತೆಂದು ಎಲ್ಲರೂ ಅಂದುಕೊಂಡಿರುವ ಭಾಗಗಳೇ ನಿಧಾನದ ಓದಿಗೆ ಹೆಚ್ಚು ಒದಗುತ್ತವೆ. ಲೂಕನ ಸುವಾರ್ತೆಯ 10ನೆಯ ಅಧ್ಯಾಯದ ಒಳ್ಳೆಯ ಸಮಾರ್ಯದವನ ಕಥೆಯನ್ನು ತೆಗೆದುಕೊಳ್ಳಿ. ಯೆರೂಸಲೇಮಿನಿಂದ ಯೆರಿಕೋವಿಗೆ ಹೋಗುತ್ತಿದ್ದ ಒಬ್ಬನನ್ನು ಕಳ್ಳರು ಹೊಡೆದು ಅರೆಜೀವ ಮಾಡಿ ಬಿಟ್ಟುಹೋಗುತ್ತಾರೆ. ಯಾಜಕನೂ, ದೇವಾಲಯದ ಸೇವಕನಾದ ಲೇವಿಯನೂ ನೋಡಿ ಆಚೆ ಬದಿಯಿಂದ ಸಾಗುತ್ತಾರೆ. ಯೆಹೂದ್ಯರಿಗೆ ಆಗದ ಪಂಗಡದವನಾದ ಸಮಾರ್ಯದವನೊಬ್ಬ ನಿಂತು ಗಾಯಗಳಿಗೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿ, ತನ್ನ ವಾಹನದ ಮೇಲೆ ಕೂರಿಸಿ ಛತ್ರಕ್ಕೆ ಒಯ್ಯುತ್ತಾನೆ. ಭಾನುವಾರ ಶಾಲೆಯಲ್ಲಿ ಇದರ ನೀತಿ ‘ಕಷ್ಟದಲ್ಲಿದ್ದವರಿಗೆ ನೆರವಾಗಬೇಕು’ ಎಂಬಲ್ಲಿಗೆ ಮುಗಿಯುತ್ತದೆ.

ಹೆಜ್ಜೆ ಹೆಜ್ಜೆಯಾಗಿ ಓದಿದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಇದು ಒಂದು ಪ್ರಶ್ನೆಗೆ ಬಂದ ಉತ್ತರ. ಯೆಹೂದ್ಯರ ಧರ್ಮಶಾಸ್ತ್ರ ಬಲ್ಲ ಒಬ್ಬನು ತನ್ನನ್ನು ಸಮರ್ಥಿಸಿಕೊಳ್ಳಲು ‘ನನ್ನ ನೆರೆಯವನು ಯಾರು’ ಎಂದು ಯೇಸುವನ್ನು ಕೇಳಿದ್ದಾನೆ. ದಾರಿಯೂ ಕಲ್ಪನೆಯದಲ್ಲ: ಸುಮಾರು 27 ಕಿಲೋಮೀಟರಿನಲ್ಲಿ 1,000 ಮೀಟರಿನಷ್ಟು ಇಳಿಯುವ ನಿರ್ಜನ ಬೆಟ್ಟದ ಹಾದಿ ಅದು. ಶವ ಮುಟ್ಟಿ ಮೈಲಿಗೆಯಾದರೆ ದೇವಾಲಯದ ಸೇವೆಗೆ ಅಡ್ಡಿಯೆಂದು ಯಾಜಕನು ಹೆದರಿದನೆಂದು ಕೆಲವರು ಅವನ ಪರವಾಗಿ ವಾದಿಸುವುದುಂಟು; ಆದರೆ ಲೂಕನ ಪ್ರಕಾರ ಅವನು ಆ ದಾರಿಯಲ್ಲಿ ಇಳಿದು ಬರುತ್ತಿದ್ದಾನೆ, ಅಂದರೆ ದೇವಾಲಯವಿರುವ ಯೆರೂಸಲೇಮನ್ನು ಬಿಟ್ಟು ಹೊರಟಿದ್ದಾನೆ. ಇನ್ನು ಒಂದು ಅಧ್ಯಾಯ ಹಿಂದೆ ಹೋದರೆ, ಸಮಾರ್ಯದ ಒಂದು ಹಳ್ಳಿಯವರು ಯೇಸುವನ್ನು ಊರೊಳಗೆ ಸೇರಿಸದಿದ್ದುದೂ, ಶಿಷ್ಯರಾದ ಯಾಕೋಬ ಯೋಹಾನರು ಅದನ್ನು ಸುಡಲು ಆಕಾಶದಿಂದ ಬೆಂಕಿ ಕರೆಯೋಣವೇ ಎಂದು ಕೇಳಿದ್ದೂ ಸಿಗುತ್ತದೆ. ಆ ಕಹಿ ಇನ್ನೂ ಆರದಿರುವಾಗ ಶಿಷ್ಯರೆದುರಿಗೇ ಸಮಾರ್ಯದವನೊಬ್ಬ ಕಥಾನಾಯಕನಾಗುತ್ತಾನೆ. ಕೊನೆಗೆ ಪ್ರಶ್ನೆಯೇ ತಿರುಗುತ್ತದೆ: ಈ ಮೂವರಲ್ಲಿ ಗಾಯಗೊಂಡವನಿಗೆ ನೆರೆಯವನಾದವನು ಯಾರು? ಉತ್ತರಿಸುವವನು ‘ಸಮಾರ್ಯದವನು’ ಎನ್ನದೆ ‘ದಯೆ ತೋರಿಸಿದವನೇ’ ಎಂದು ಸುತ್ತಿ ಬಳಸಿ ಹೇಳುವುದನ್ನೂ ಗಮನಿಸಬೇಕು.

ಇದೇ ಕಥೆಯನ್ನು ಸಂತ ಅಗಸ್ಟೀನನು ಬೇರೆ ರೀತಿಯಲ್ಲಿ ಓದಿದನು. ಅವನಿಗೆ ಗಾಯಗೊಂಡವನು ಆದಾಮ, ಸಮಾರ್ಯದವನು ಕ್ರಿಸ್ತ, ಛತ್ರವು ಧರ್ಮಸಭೆ, ಛತ್ರದವನು ಪೌಲ. ಅಕ್ಷರಾರ್ಥ, ಸಾಂಕೇತಿಕ ಅರ್ಥ, ನೈತಿಕ ಅರ್ಥ, ಪರಲೋಕವನ್ನು ಕುರಿತ ಅರ್ಥ ಎಂದು ನಾಲ್ಕು ಪದರಗಳನ್ನು ಹುಡುಕುವ ಪದ್ಧತಿ ಮಧ್ಯಯುಗದ ಉದ್ದಕ್ಕೂ ನಡೆಯಿತು. 16ನೆಯ ಶತಮಾನದ ಜಾನ್ ಕ್ಯಾಲ್ವಿನ್ ಈ ಕಥೆಯ ಸಾಂಕೇತಿಕ ಓದನ್ನು ನಿರಾಕರಿಸಿದನು. ಕಥೋಲಿಕ ಧರ್ಮೋಪದೇಶವು ನಾಲ್ಕೂ ಅರ್ಥಗಳನ್ನು ಇಂದಿಗೂ ಮಾನ್ಯಮಾಡುತ್ತದೆ, ಆದರೆ ಉಳಿದ ಮೂರೂ ಅಕ್ಷರಾರ್ಥದ ಮೇಲೆಯೇ ನಿಲ್ಲಬೇಕೆಂದು ಷರತ್ತು ಹಾಕುತ್ತದೆ. ನನ್ನ ಮಟ್ಟಿಗೆ ಅಗಸ್ಟೀನನ ಓದು ಪ್ರಾರ್ಥನೆಯಾಗಿ ಸುಂದರ. ಆದರೆ ಧರ್ಮಶಾಸ್ತ್ರಿ ಕೇಳಿದ ಪ್ರಶ್ನೆಯ ಇರಿತ ಅದರಲ್ಲಿ ಮೊಂಡಾಗುತ್ತದೆ.

ಇಡೀ ಬೈಬಲಿನ ಜೊತೆಗಿಟ್ಟು ನೋಡಿ

ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂದು ಆ ಧರ್ಮಶಾಸ್ತ್ರಿ ಉದ್ಧರಿಸಿದ್ದು ಯಾಜಕಕಾಂಡ 19:18ರಿಂದ. ಅದರ ಮರುವಚನವೇ ಎರಡು ಬಗೆಯ ನೂಲು ಬೆರೆಸಿದ ಬಟ್ಟೆಯನ್ನು ನಿಷೇಧಿಸುತ್ತದೆ. ಮೊದಲನೆಯದನ್ನು ಎಲ್ಲ ಕ್ರೈಸ್ತರೂ ಪಾಲಿಸಬೇಕೆನ್ನುತ್ತಾರೆ; ಎರಡನೆಯದನ್ನು ಚಿಕ್ಕಪೇಟೆಯ ಬಟ್ಟೆ ಅಂಗಡಿಯಲ್ಲಿ ಯಾರೂ ನೆನೆಯುವುದಿಲ್ಲ. ಇದು ಮನಸ್ಸಿಗೆ ಬಂದಂತೆ ಆರಿಸಿಕೊಳ್ಳುವುದಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಕ್ರೈಸ್ತರ ಉತ್ತರವೆಂದರೆ, ಹಳೆಯ ಒಡಂಬಡಿಕೆಯನ್ನು ಹೊಸದರ ಬೆಳಕಿನಲ್ಲಿ ಓದಬೇಕು ಎಂಬುದು. ಪ್ರೀತಿಯ ಆಜ್ಞೆಯನ್ನು ಯೇಸು ತಾನೇ ಎತ್ತಿಹಿಡಿದನು. ಯೆಹೂದ್ಯರಲ್ಲದ ವಿಶ್ವಾಸಿಗಳ ಮೇಲೆ ಮೋಶೆಯ ಧರ್ಮಶಾಸ್ತ್ರದ ಭಾರವನ್ನೆಲ್ಲ ಹೊರಿಸಬಾರದೆಂದು ಅಪೊಸ್ತಲರ ಕೃತ್ಯಗಳ 15ನೆಯ ಅಧ್ಯಾಯದ ಸಭೆ ತೀರ್ಮಾನಿಸಿತು. ನೈತಿಕ, ಆಚರಣೆಯ, ನ್ಯಾಯಾಡಳಿತದ ವಿಧಿಗಳೆಂದು ಥಾಮಸ್ ಅಕ್ವಿನಾಸ್ ಮಾಡಿದ ವಿಂಗಡಣೆಯೂ ಇದಕ್ಕೆ ನೆರವಾಗುತ್ತದೆ, ಗೆರೆ ಎಲ್ಲಿ ಎಳೆಯಬೇಕೆಂಬ ಜಗಳ ಮುಗಿದಿಲ್ಲವಾದರೂ.

ಒಬ್ಬರೇ ಓದಿ ಒಬ್ಬರೇ ತೀರ್ಮಾನಿಸುವುದು ಯಾವ ಪಂಗಡದಲ್ಲೂ ಪೂರ್ತಿ ಸಲ್ಲುವುದಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೊರಡಿಸಿದ ದೈವಪ್ರಕಟಣೆಯ ದಾಖಲೆಯ ಪ್ರಕಾರ, ಬರಹದ ಬಗೆಯನ್ನೂ ಇಡೀ ಬೈಬಲಿನ ಏಕತೆಯನ್ನೂ ಧರ್ಮಸಭೆಯ ಪರಂಪರೆಯನ್ನೂ ಒಟ್ಟಿಗೆ ಗಮನಿಸಬೇಕು. ಅಧಿಕೃತವಾಗಿ ವ್ಯಾಖ್ಯಾನಿಸುವ ಹೊಣೆ ಧರ್ಮಸಭೆಯ ಬೋಧನಾಧಿಕಾರದ್ದು. ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕಾದಲ್ಲಿ ಭಾನುವಾರದ ಬಲಿಪೂಜೆಗೆ ಓದುವ ಭಾಗಗಳು ಮೂರು ವರ್ಷಗಳ ಚಕ್ರದಲ್ಲಿ ಮೊದಲೇ ನಿಗದಿಯಾಗಿರುತ್ತವೆ. ಮೊದಲ ವಾಚನವನ್ನು ಸಾಮಾನ್ಯವಾಗಿ ಶುಭಸಂದೇಶಕ್ಕೆ (ಸುವಾರ್ತೆಯ ಭಾಗಕ್ಕೆ) ಹೊಂದುವಂತೆ ಆರಿಸಿರುವುದರಿಂದ, ಫಾದರ್ ಪ್ರಬೋಧನೆಗೆ ಬಾಯಿ ತೆರೆಯುವ ಮುನ್ನವೇ ಒಂದು ವ್ಯಾಖ್ಯಾನ ನಡೆದಿರುತ್ತದೆ. ಬೈಬಲಿಗೆ ಬೈಬಲೇ ವ್ಯಾಖ್ಯಾನ, ಕಠಿಣವಾದದ್ದನ್ನು ಸ್ಪಷ್ಟವಾದದ್ದರಿಂದ ಬಿಡಿಸಬೇಕು ಎಂಬುದು ಪ್ರೊಟೆಸ್ಟೆಂಟರ ಒತ್ತು. ಪೆಂತೆಕೊಸ್ತ್ ಸಭೆಗಳು ಓದುವ ಗಳಿಗೆಯಲ್ಲಿ ಪವಿತ್ರಾತ್ಮನ ನಡೆಸುವಿಕೆಗೆ ಹೆಚ್ಚು ಜಾಗ ಕೊಡುತ್ತವೆ.

ಎಲ್ಲಿ ನಿಂತು ಓದುತ್ತಿದ್ದೇವೆ?

ಮಿಲ್ಲರ್ಸ್ ರಸ್ತೆಯಲ್ಲಿರುವ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ಪಿ. ನಿರ್ಮಲ್ ಅವರು ಮಾಡಿದ ಭಾಷಣ ದಲಿತ ದೈವಶಾಸ್ತ್ರಕ್ಕೆ ನಾಂದಿಯಾಯಿತು. ನಿರ್ಮಲ್ ಅವರು ತಮ್ಮ ಬರಹದಲ್ಲಿ ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದ ಅರಿಕೆಯನ್ನು, ಅಂದರೆ ನೆಲೆಯಿಲ್ಲದೆ ಅಲೆದ ಪೂರ್ವಜ, ಐಗುಪ್ತದ ಬಿಟ್ಟಿದುಡಿಮೆ, ಕೂಗು, ಬಿಡುಗಡೆ ಎಂಬ ಆ ಸಾಲುಗಳನ್ನು, ದಲಿತ ಕ್ರೈಸ್ತರ ಚರಿತ್ರೆಯ ಪಕ್ಕದಲ್ಲಿಟ್ಟು ಓದಿದರು. ಪಠ್ಯದಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ಆದರೆ ಹಿಂದಿನ ವ್ಯಾಖ್ಯಾನಕಾರರ ಕಣ್ಣಿಗೆ ಬೀಳದಿದ್ದ ದುಡಿಮೆಯ ಭಾರ ಮುಂದಕ್ಕೆ ಬಂತು. ಓದುಗನು ತನ್ನ ಜಾತಿ, ಲಿಂಗ, ಸ್ಥಿತಿಗತಿಗಳನ್ನು ಹೊರಗೆ ಬಿಟ್ಟು ಬರಲಾರ. ಅವು ತನ್ನ ಓದಿನಲ್ಲಿ ಏನು ಮಾಡುತ್ತಿವೆಯೆಂದು ಕೇಳಿಕೊಳ್ಳುವುದು ಕೂಡ ಅರ್ಥಹಚ್ಚುವ ಒಂದು ಹೆಜ್ಜೆ.

ಇಷ್ಟೆಲ್ಲ ಮಾಡಿದರೂ ಸುಲಭಕ್ಕೆ ಬಗ್ಗದ ಭಾಗಗಳು ಉಳಿಯುತ್ತವೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 11:5ರಲ್ಲಿ ಸ್ತ್ರೀಯರು ಸಭೆಯಲ್ಲಿ ಪ್ರಾರ್ಥಿಸುವುದನ್ನೂ ಪ್ರವಾದಿಸುವುದನ್ನೂ ಪೌಲನು ಸಹಜವೆಂಬಂತೆ ಪ್ರಸ್ತಾಪಿಸುತ್ತಾನೆ. 14:34ರಲ್ಲಿ ಅವರು ಸಭೆಯಲ್ಲಿ ಮೌನವಾಗಿರಬೇಕೆಂದಿದೆ. ಅದು ಆ ಊರಿನ ಗದ್ದಲಕ್ಕೆ ಸೀಮಿತವಾದ ಸೂಚನೆಯೆಂದು ಕೆಲವರು, ಎಲ್ಲ ಕಾಲಕ್ಕೂ ಸಲ್ಲುವ ವಿಧಿಯೆಂದು ಕೆಲವರು, ಕೆಲವು ಹಸ್ತಪ್ರತಿಗಳಲ್ಲಿ ಆ ಸಾಲುಗಳು ಅಧ್ಯಾಯದ ಕೊನೆಯಲ್ಲಿರುವುದರಿಂದ ನಂತರ ಸೇರಿದವೆಂದು ಇನ್ನು ಕೆಲವರು ವಾದಿಸುತ್ತಾರೆ. ಇದು ಬರೀ ಪಂಡಿತರ ಚರ್ಚೆಯಲ್ಲ. ಹಡ್ಸನ್ ವೃತ್ತದ ಕನ್ನಡ ದೇವಾಲಯ ಸೇರಿರುವ ದಕ್ಷಿಣ ಇಂಡಿಯಾ ಸಭೆಯಲ್ಲಿ ಮಹಿಳೆಯರಿಗೆ ಪಾದ್ರಿ ದೀಕ್ಷೆಯಿದೆ, 2013ರಲ್ಲಿ ಪುಷ್ಪಾ ಲಲಿತಾ ಅವರು ನಂದ್ಯಾಲದ ಬಿಷಪ್ ಕೂಡ ಆದರು. ಕಥೋಲಿಕ ಧರ್ಮಸಭೆಯಲ್ಲಿ ಆ ದೀಕ್ಷೆಯಿಲ್ಲ.

ಹೊಸದಾಗಿ ತೊಡಗುವವರು ಆದಿಕಾಂಡದಿಂದಲೋ ಪ್ರಕಟನೆಯಿಂದಲೋ ಆರಂಭಿಸುವ ಬದಲು ಫಿಲಿಪ್ಪಿಯವರಿಗೆ ಬರೆದ ಪತ್ರವನ್ನು ಎತ್ತಿಕೊಳ್ಳಬಹುದು. ನಾಲ್ಕೇ ಅಧ್ಯಾಯಗಳು, ಒಂದೇ ಸಲ ಕೂತು ಓದಿದರೆ ಮುಗಿಯುತ್ತದೆ. ಮೊದಲ ಸಲ ನಿಲ್ಲಿಸದೆ ಓದಿ. ಎರಡನೆಯ ಸಲ ಬರೆಯುವವನು ಎಲ್ಲಿದ್ದಾನೆ, ಓದುವವರ ನಡುವೆ ಯಾವ ಮನಸ್ತಾಪವಿದೆ, ಕೊನೆಯಲ್ಲಿ ಯಾವ ನೆರವಿಗಾಗಿ ವಂದನೆ ಹೇಳುತ್ತಿದ್ದಾನೆ ಎಂದು ಅಂಚಿನಲ್ಲಿ ಗುರುತು ಹಾಕಿಕೊಳ್ಳಿ. ವ್ಯಾಖ್ಯಾನದ ಪುಸ್ತಕವನ್ನಾಗಲಿ ಸಭಾಪಾಲಕರನ್ನಾಗಲಿ ಕೇಳುವುದು ಅದಾದ ಮೇಲೆ.