ಹಾಟ್‌ಸ್ಪಾಟ್ ಕಾಣಿಸಿ ಮಾಯವಾಗುತ್ತಿತ್ತು: ಕಾರಣ ಪೋರ್ಟ್ 53

ರಾಸ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್, ಡೆಬಿಯನ್ 12 (ಲಿನಕ್ಸ್) ಆಧಾರದ ಓಎಸ್. ಹಾಟ್‌ಸ್ಪಾಟ್ ಆನ್ ಮಾಡಿದರೆ ಫೋನಿನ ಪಟ್ಟಿಯಲ್ಲಿ ಹೆಸರು ಬರುತ್ತಿತ್ತು, ಕೆಲವೇ ಸೆಕೆಂಡಿನಲ್ಲಿ ಮಾಯ. ಪಾಸ್‌ವರ್ಡ್ ಒತ್ತುವಷ್ಟೂ ಪುರುಸೊತ್ತಿಲ್ಲ.

ಚಾನೆಲ್ 1, 6, 11 ಮೂರೂ ನೋಡಿದೆ. ಪವರ್ ಸೇವ್ ಆಫ್ ಮಾಡಿದೆ, ಅಡಾಪ್ಟರ್ ಬದಲಿಸಿದೆ. ವೈಫೈ ದೇಶ ಸರಿಯಾಗಿಯೇ ಇತ್ತು.

ಸಂಪರ್ಕಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್‌ನ ಲಾಗ್ ಅನ್ನು ಜರ್ನಲ್‌ಸಿಟಿಎಲ್ ಕಮಾಂಡಿನಲ್ಲಿ ತೆರೆದಾಗ ಸುಳಿವು ಸಿಕ್ಕಿತು: 10.42.0.1ಕ್ಕೆ (ಹಾಟ್‌ಸ್ಪಾಟಿನಲ್ಲಿ ಪೈನ ಸ್ವಂತ ವಿಳಾಸ) ಸಾಕೆಟ್ ತೆರೆಯಲಾಗಲಿಲ್ಲ, ವಿಳಾಸ ಆಗಲೇ ಬಳಕೆಯಲ್ಲಿದೆ. ಮೊದಲ ದಿನವೇ ನೋಡಬೇಕಿದ್ದ ಸಾಲು. ಐಪಿವಿ4 ಮೆಥಡ್ 'ಶೇರ್ಡ್' (ಸಂಪರ್ಕ ಹಂಚಿಕೊಳ್ಳುವ ಬಗೆ) ಆಗಿದ್ದರೆ ನೆಟ್‌ವರ್ಕ್‌ಮ್ಯಾನೇಜರ್ ತನ್ನದೇ ಒಂದು ಡಿಎನ್‌ಎಸ್‌ಮಾಸ್ಕ್ ಎಬ್ಬಿಸುತ್ತದೆ; ಫೋನುಗಳಿಗೆ ಐಪಿ ಹಂಚುವುದು, ಡಿಎನ್‌ಎಸ್ ಪ್ರಶ್ನೆಗೆ (ಸೈಟ್ ಹೆಸರಿನ ವಿಳಾಸ ಯಾವುದು) ಉತ್ತರಿಸುವುದು ಇದರ ಕೆಲಸ. ಹಿಂದೊಮ್ಮೆ ಹೋಸ್ಟ್‌ಎಪಿಡಿ (ವೈಫೈ ಹಾಟ್‌ಸ್ಪಾಟ್ ನಡೆಸುವ ಪ್ರೋಗ್ರಾಂ) ಜೊತೆ ನಾನೇ ಹಾಕಿ ಮರೆತಿದ್ದ ಹಳೆಯ ಡಿಎನ್‌ಎಸ್‌ಮಾಸ್ಕ್ ಸರ್ವಿಸ್ ಡಿಎನ್‌ಎಸ್‌ನ ಪೋರ್ಟ್ 53 ಹಿಡಿದು ಕೂತಿತ್ತು. ಹೊಸದು ಏಳುತ್ತಲೇ ಸಾಯುತ್ತಿತ್ತು, ಅದರ ಹಿಂದೆ ಹಾಟ್‌ಸ್ಪಾಟೂ.

ಮೊದಲು ಎಸ್‌ಎಸ್ ಕಮಾಂಡಿನಿಂದ ಪೋರ್ಟ್ 53 ಮತ್ತು 67 (ಐಪಿ ಹಂಚಲು ಬೇಕಾದದ್ದು) ಯಾರ ಕೈಲಿವೆ ಎಂದು ಖಚಿತಪಡಿಸಿಕೊಳ್ಳಿ. ಆಮೇಲೆ ಸಿಸ್ಟಮ್‌ಸಿಟಿಎಲ್‌ನಲ್ಲಿ ಡಿಎನ್‌ಎಸ್‌ಮಾಸ್ಕ್, ಹೋಸ್ಟ್‌ಎಪಿಡಿ ಎರಡನ್ನೂ ನಿಲ್ಲಿಸಿ ಡಿಸೇಬಲ್ ಮಾಡಿ. ಬರೀ ನಿಲ್ಲಿಸಿದರೆ ರೀಬೂಟ್ ಆದಾಗ ಮತ್ತೆ ಅದೇ ಕಥೆ. ಡಿಎನ್‌ಎಸ್‌ಮಾಸ್ಕ್-ಬೇಸ್ ಪ್ಯಾಕೇಜನ್ನು ಮಾತ್ರ ತೆಗೆಯಬೇಡಿ, ನೆಟ್‌ವರ್ಕ್‌ಮ್ಯಾನೇಜರ್‌ಗೆ ಬೇಕಾದದ್ದು ಅದೇ. ನಂತರ ನೆಟ್‌ವರ್ಕ್‌ಮ್ಯಾನೇಜರ್‌ನ ಕಮಾಂಡ್ ಎನ್‌ಎಂಸಿಎಲ್‌ಐನಲ್ಲಿ ಹಾಟ್‌ಸ್ಪಾಟ್ ಪ್ರೊಫೈಲಿಗೆ ಮೋಡ್ ಎಪಿ, ಬ್ಯಾಂಡ್ ಬಿಜಿ, ಚಾನೆಲ್ 6, ಕೀ ಮ್ಯಾನೇಜ್‌ಮೆಂಟ್ ಡಬ್ಲ್ಯುಪಿಎ-ಪಿಎಸ್‌ಕೆ, ಐಪಿವಿ4 ಶೇರ್ಡ್, ಆಟೋಕನೆಕ್ಟ್ ಯೆಸ್. ಮನೆಯ ವೈಫೈ ಪ್ರೊಫೈಲಿನ ಆಟೋಕನೆಕ್ಟ್ ನೋ. ಕನೆಕ್ಷನ್ ಡೌನ್ ಮಾಡಿ ಅಪ್ ಮಾಡಿ.

ಫೋನಿಗೆ 10.42.0 ಸಾಲಿನ ಐಪಿ ಸಿಕ್ಕಿತು, ರೀಬೂಟ್ ಆದ ಮೇಲೂ ನಿಂತಿದೆ.